ರಜಾ ಅವರ ಕಪ್ಪು, ನಮ್ಮ ಬಿದ್ರಿ ಕಪ್ಪು

ಚಿತ್ರಕಾರ ಎಸ್.ಎಚ್. ರಜಾ ಕಪ್ಪನ್ನು ಎಲ್ಲ ಬಣ್ಣಗಳ ತಾಯಿ ಎಂದು ನಂಬಿದ್ದರು. ಈ ಒಂದು ಮಾತು ನನಗೆ ಎರಡು ವಾರ ಅರ್ಥವಾಗಿರಲಿಲ್ಲ. ನಿನ್ನೆ ಬೀದರ್‌ನಲ್ಲಿ ಬಿದ್ರಿ (ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕರಕುಶಲ) ಕೆಲಸ ನೋಡುತ್ತ ಕೂತಾಗ ಹೊಳೆಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಬೆಳೆದ ದಾರಿ (ಬೇಗ ಮುಗಿಸುತ್ತೇನೆ)

ರಜಾ ಹುಟ್ಟಿದ್ದು 1922ರಲ್ಲಿ, ಮಧ್ಯಪ್ರದೇಶದ ಮಂಡ್ಲಾ ಕಡೆಯ ಕಾಡಿನಲ್ಲಿ. ನಾಗಪುರ, ಆಮೇಲೆ ಬೊಂಬಾಯಿಯ ಜೆ.ಜೆ. ಕಲಾಶಾಲೆ. 1947ರಲ್ಲಿ ಚಿತ್ರಕಾರರಾದ ಸೋಜಾ, ಹುಸೇನ್ ಅವರ ಜೊತೆ ಪ್ರೋಗ್ರೆಸಿವ್ ಎಂಬ ಕಲಾವಿದರ ಗುಂಪು ಕಟ್ಟಿದರು. ಮರುವರ್ಷ ಕಾಶ್ಮೀರದಲ್ಲಿ ಫೋಟೋಗ್ರಾಫರ್ ಕಾರ್ತಿಯೆ ಬ್ರೆಸೋಂ ಸಿಕ್ಕರು. ನಿಮ್ಮ ಚಿತ್ರದಲ್ಲಿ ರಚನೆಯ ಬಿಗಿ ಸಾಲದು, ಫ್ರೆಂಚ್ ಚಿತ್ರಕಾರ ಸೆಜಾನ್‌ನನ್ನು ನೋಡಿ ಎಂದು ತಿಳಿಸಿದರು. 1950ರಲ್ಲಿ ಪ್ಯಾರಿಸ್. ಮೊದಲು ಮನೆ, ಚರ್ಚು, ಊರು ಎಲ್ಲ ಕೋನಕೋನವಾಗಿ ಬಂದವು. 1962ರಲ್ಲಿ ಪಾಠ ಹೇಳಲು ಅಮೆರಿಕಕ್ಕೆ ಹೋದಾಗ ಅಲ್ಲಿನ ಚಿತ್ರಕಾರ ರಾತ್ಕೋ ಅವರ ಚಿತ್ರ ನೋಡಿದರು. ಅಲ್ಲಿಂದ ಕೋನಗಳು ಕರಗಿ ಬಣ್ಣವೇ ಮುಂದೆ ಬಂತು. 1972ರ 'ತಪೋವನ' ಚಿತ್ರದಲ್ಲಿ ಕಾಡಿನ ಕತ್ತಲೆಯೇ ಇದೆ. ಅವರ ಗುರುತೇ ಆದ ಬಿಂದು, ಅಂದರೆ ದೊಡ್ಡ ಕಪ್ಪು ವೃತ್ತ, ಗಟ್ಟಿಯಾಗಿ ನಿಂತದ್ದು 1980ರ ಸುಮಾರಿಗೆ.

ಬಾಲ್ಯದಲ್ಲಿ ಮೇಷ್ಟ್ರು ಗೋಡೆಯ ಮೇಲೆ ಚುಕ್ಕೆ ಬರೆದು ಅದನ್ನೇ ನೋಡು ಎಂದ ಕಥೆ ಎಲ್ಲರಿಗೂ ಗೊತ್ತು. ಆದರೆ 1950ರ ದಶಕದ ಊರಿನ ಚಿತ್ರಗಳಲ್ಲೇ ಕಪ್ಪು ಸೂರ್ಯ ಇದ್ದಾನೆ! ಬಿಂದು ಇದ್ದಕ್ಕಿದ್ದಂತೆ ಬಂದದ್ದಲ್ಲ ಎಂದು ನನಗೆ ಅನ್ನಿಸುವುದು ಅದಕ್ಕೇ.

ಸಿಕ್ಕಿಬಿದ್ದ ಜಾಗ

ನನ್ನ ತಪ್ಪು ಇಷ್ಟು. ತಾಯಿ ಎಂದ ಕೂಡಲೇ ಕಪ್ಪಿನಲ್ಲಿ ಬೇರೆ ಬಣ್ಣಗಳು ಬೆರೆತಿವೆ ಎಂದುಕೊಂಡೆ. ಪ್ಯಾಲೆಟ್ಟಿನಲ್ಲಿ ಕೆಂಪು, ನೀಲಿ, ಹಳದಿ ಎಲ್ಲ ಕಲಸಿದೆ. ಬಂದದ್ದು ಕೆಸರು. ಅದರಿಂದ ಯಾವ ಬಣ್ಣವೂ ವಾಪಸ್ ಹುಟ್ಟಲ್ಲ ಅಲ್ವಾ?

ಈಗ ಬಿದ್ರಿ ನೋಡಿ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಹೂಜಿ ಎರಕ ಹೊಯ್ಯುತ್ತಾರೆ. ಗೆರೆ ಕಾಣಲಿ ಎಂದು ಮೈಲುತುತ್ತ ಸವರಿ, ಬಳ್ಳಿ ಕೊರೆದು, ಬೆಳ್ಳಿ ತಂತಿ ಕೂರಿಸಿ ಉಜ್ಜುತ್ತಾರೆ. ಉಜ್ಜಿದ ಮೇಲೆ ನನಗೆ ಬೆಳ್ಳಿಯೇ ಕಾಣಲಿಲ್ಲ. ಬೂದು ಲೋಹದ ಮೇಲೆ ಬಿಳಿ ಲೋಹ, ಎಲ್ಲ ಒಂದೇ ಥರ. "ಚಾಚಾ, ಬೆಳ್ಳಿ ಎಲ್ಲೈತಿ?" ಎಂದು ಕೆಲಸ ಮಾಡುತ್ತಿದ್ದವರನ್ನು ಕೇಳಿದೆ. "ಈಗ ಕಾಣಂಗಿಲ್ಲ ತಮ್ಮಾ, ಕರಿ ಆದ ಮ್ಯಾಲ ನೋಡು" ಎಂದರು.

ಬೀದರ್ ಕೋಟೆಯ ಮಣ್ಣು, ನವಸಾಗರ (ಒಂದು ಬಗೆಯ ಉಪ್ಪು), ನೀರು ಕಲಸಿ, ಬಿಸಿ ಮಾಡಿದ ಹೂಜಿಗೆ ತಿಕ್ಕಿದರು. ಸತು ಕಪ್ಪಾಯಿತು. ಬೆಳ್ಳಿಗೆ ಏನೂ ಆಗಲಿಲ್ಲ. ಬಳ್ಳಿ ಮಿಂಚಿಬಿಟ್ಟಿತು.

ಇದೇ ನೋಡಿ. ಬೆಳ್ಳಿ ಬದಲಾಗಲಿಲ್ಲ, ಅದರ ನೆರೆ ಬದಲಾಯಿತು. ಕಪ್ಪು ಬಣ್ಣವನ್ನು ಹೆರುವುದು ಬೆರೆತು ಅಲ್ಲ, ಪಕ್ಕದಲ್ಲಿ ನಿಂತು.

ಮನೆಯಲ್ಲಿ ಮಾಡಿ ನೋಡಿ. ಒಂದೇ ಬೂದು ಕಾಗದದಿಂದ ಎರಡು ಚಿಕ್ಕ ಚೌಕ ಕತ್ತರಿಸಿ. ಒಂದನ್ನು ಬಿಳಿ ಹಾಳೆಯ ಮೇಲೆ, ಇನ್ನೊಂದನ್ನು ಕಪ್ಪು ಹಾಳೆಯ ಮೇಲೆ ಇಡಿ. ಕಪ್ಪಿನ ಮೇಲಿನದು ತಿಳಿಯಾಗಿ ಕಾಣುತ್ತದೆ, ಬಿಳಿಯ ಮೇಲಿನದು ಗಾಢವಾಗಿ. ಅದೇ ಬೂದನ್ನು ಕೆಂಪಿನ ಮೇಲಿಟ್ಟು ಸ್ವಲ್ಪ ಹೊತ್ತು ನೋಡಿದರೆ ಹಸಿರು ಛಾಯೆ ಬರುತ್ತದೆ. ನಾನು ಆರು ಸಲ ಮಾಡಿದೆ. ಎರಡೂ ಒಂದೇ ಕಾಗದ ಎಂದು ಗೊತ್ತಿದ್ದರೂ ಕಣ್ಣು ಒಪ್ಪುವುದಿಲ್ಲ.

ಚಿತ್ರಕ್ಕೆ ವಾಪಸ್

1983ರ 'ಸೌರಾಷ್ಟ್ರ'ದ ಪ್ರಿಂಟ್ ತೆಗೆದುಕೊಳ್ಳಿ. ಕೆಂಪು, ಕೇಸರಿ ಜಾಸ್ತಿ ಇರುವ ಚಿತ್ರ. ಸುಮ್ನೆ ನೋಡಬೇಡಿ, ಕಪ್ಪು ಇರುವ ಕಡೆ ಬೆರಳಿಟ್ಟು ಮುಚ್ಚಿ. ಕೆಂಪು ಸಪ್ಪೆಯಾಗುತ್ತದೆ. ಬೆರಳು ತೆಗೆಯಿರಿ, ಮತ್ತೆ ಉರಿಯುತ್ತದೆ. ಬಿಂದು ಎಂದರೆ ಬೀಜ, ಧ್ಯಾನ ಎಂದು ಪರೀಕ್ಷೆಯ ಉತ್ತರದಲ್ಲಿ ಬರೆಯಿರಿ, ತಪ್ಪಲ್ಲ. ಆದರೆ ಅದಕ್ಕೆ ಮೊದಲು ಕಪ್ಪಿನ ಪಕ್ಕ ಯಾವ ಬಣ್ಣ ಇದೆ ಎಂದು ಬರೆಯಿರಿ.