ದ್ರಾಕ್ಷಿಯ ಹೆಸರನ್ನು ಊರಿಗೆ ದಾಟಿಸಿದ ಕಥೆ

ಇಟಲಿಯ ಈಶಾನ್ಯ ಮೂಲೆಯಲ್ಲಿ, ತ್ರಿಯೆಸ್ತೆ ನಗರದ ಅಂಚಿಗೆ, ಪ್ರೊಸೆಕ್ಕೊ ಅಂತ ಒಂದು ಪುಟ್ಟ ಊರಿದೆ. ನೊರೆಯುಕ್ಕುವ ಪ್ರೊಸೆಕ್ಕೊ ವೈನ್ ಅಲ್ಲಿಂದಲೇ ಬರುತ್ತದೆ ಅಂದುಕೊಳ್ಳುವುದು ಸಹಜ ಅಲ್ವಾ? ಆದರೆ ಆ ವೈನ್ ಹೆಸರು ಮಾಡಿದ್ದು ಸುಮಾರು 100 ಕಿ.ಮೀ. ಪಶ್ಚಿಮಕ್ಕಿರುವ ಕೊನೆಲ್ಯಾನೊ, ವಾಲ್ದೊಬ್ಬಿಯಾದೆನೆ ಗುಡ್ಡಗಳಲ್ಲಿ. ಹಾಗಿದ್ದರೂ ಕಾನೂನಿನ ಲೆಕ್ಕದಲ್ಲಿ ಆ ಹೆಸರು ನಿಂತಿರುವುದು ಈ ಪುಟ್ಟ ಊರಿನ ಮೇಲೆ.

ಹೆಸರಿಗೆ ಬೇಲಿ ಹಾಕುವ ಕೆಲಸ ಇಟಲಿಯಲ್ಲಿ ಹಳೆಯದು. 1716ರಲ್ಲಿ ಟಸ್ಕನಿಯ ದೊರೆ ಮೂರನೇ ಕೋಸಿಮೊ ದೆ ಮೆದಿಚಿ ಆಜ್ಞೆ ಹೊರಡಿಸಿ, ಕಿಯಾಂತಿ ಸೇರಿ ನಾಲ್ಕು ವೈನ್ ಸೀಮೆಗಳ ಗಡಿ ಗುರುತಿಸಿದ. ಹೆಸರು ಚೆನ್ನಾಗಿ ಓಡತೊಡಗಿದರೆ ಅಕ್ಕಪಕ್ಕದವರು ಸುಮ್ನಿರುತ್ತಾರಾ? ಅವರೂ ಕಿಯಾಂತಿ ಅಂತಲೇ ಮಾರಿದರು. 1924ರಲ್ಲಿ ಹಳೆಯ ಸೀಮೆಯ 33 ಬೆಳೆಗಾರರು ಸಂಘ ಕಟ್ಟಿ, ಕಪ್ಪು ಹುಂಜವನ್ನು ಗುರುತಾಗಿ ಹಾಕಿಕೊಂಡರು. 1932ರಲ್ಲಿ ಸರ್ಕಾರ ಗಡಿಯನ್ನೇ ಹಿಗ್ಗಿಸಿತು. ಹಳಬರಿಗೆ ಸಿಕ್ಕಿದ್ದು ‘ಕ್ಲಾಸಿಕೊ’ ಅನ್ನುವ ಬಾಲ. ಅಳುವ ಮಗುವಿಗೆ ಕೊಟ್ಟ ಬೆಲ್ಲದ ಚೂರು ಅಂತ ನನಗನಿಸುತ್ತದೆ.

ಇಡೀ ದೇಶಕ್ಕೆ ಒಂದೇ ಚೌಕಟ್ಟು ಬಂದದ್ದು 1963ರಲ್ಲಿ. ಅದೇ ಡಿಒಸಿ: ಯಾವ ಜಾಗ, ಯಾವ ದ್ರಾಕ್ಷಿ, ಹೆಕ್ಟೇರಿಗೆ ಎಷ್ಟು ಇಳುವರಿ, ಎಲ್ಲಕ್ಕೂ ನಿಯಮ. ಅದಕ್ಕಿಂತ ಬಿಗಿಯಾದ ಡಿಒಸಿಜಿ 1980ರಲ್ಲಿ ಶುರುವಾಯಿತು. ಆದರೆ ಈ ಬೇಲಿ ಜಾಗದ ಹೆಸರಿಗೆ ಮಾತ್ರ. ದ್ರಾಕ್ಷಿ ತಳಿಯ ಹೆಸರು ಯಾರ ಸ್ವತ್ತೂ ಅಲ್ಲ.

ಅದರ ಬಿಸಿ ಮೊದಲು ತಟ್ಟಿದ್ದು ಫ್ರಿಯೂಲಿ ಪ್ರಾಂತ್ಯಕ್ಕೆ. ಅಲ್ಲಿನವರು ತೊಕಾಯ್ ಅನ್ನುವ ದ್ರಾಕ್ಷಿಯಿಂದ ಬಿಳಿ ವೈನ್ ಮಾಡುತ್ತಿದ್ದರು. ಹಂಗೇರಿಯಲ್ಲಿ ತೊಕಾಯ್ ಅನ್ನುವ ಊರೇ ಇದೆ, ಅದರ ವೈನ್ ಜಗತ್ಪ್ರಸಿದ್ಧ. ನಿಮ್ಮದು ಬರೀ ತಳಿ, ಅವರದ್ದು ಜಾಗ ಅಂತ 2005ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿತು. 2007ರ ಮಾರ್ಚ್ ಮುಗಿಯುವಷ್ಟರಲ್ಲಿ ಹೆಸರು ಕೈಬಿಟ್ಟಿತು. ಫ್ರಿಯೂಲಿಯವರು ‘ಫ್ರಿಯುಲಾನೊ’ ಅಂತ ಮಾರತೊಡಗಿದರು. ಪಕ್ಕದ ವೆನೆತೊದವರು ನಡುವಿನ ಅಕ್ಷರ ಕತ್ತರಿಸಿ ‘ತಾಯ್’ ಅಂದರು. ನಮ್ಮ ಕಿವಿಗೆ ಅದು ಬೇರೆಯೇ ಕೇಳಿಸುತ್ತದೆ, ಇರಲಿ.

ಪ್ರೊಸೆಕ್ಕೊ ಕೂಡ ಆಗ ದ್ರಾಕ್ಷಿಯ ಹೆಸರೇ. ಬೇರೆ ದೇಶದವರೂ ಸಸಿ ನೆಟ್ಟು ಅದೇ ಹೆಸರಲ್ಲಿ ಮಾರಬಹುದಿತ್ತು. ಆಸ್ಟ್ರಿಯಾದ ಕಂಪನಿಯೊಂದು ಪ್ರೊಸೆಕ್ಕೊವನ್ನು ಡಬ್ಬಿಗೆ ತುಂಬಿ, ಪ್ಯಾರಿಸ್ ಹಿಲ್ಟನ್ ಕೈಲಿ ಜಾಹೀರಾತು ಮಾಡಿಸಿದಾಗ ಇಟಲಿಯ ಬೆಳೆಗಾರರು ಉರಿದುಬಿದ್ದರು.

2009ರಲ್ಲಿ ಮದ್ದು ಸಿಕ್ಕಿತು. ಆಗ ಕೃಷಿ ಸಚಿವರಾಗಿದ್ದವರು ಕೊನೆಲ್ಯಾನೊದಲ್ಲೇ ಹುಟ್ಟಿದ ಲೂಕಾ ಜಾಯಾ. ಮೊದಲು ದ್ರಾಕ್ಷಿಗೆ ‘ಗ್ಲೇರಾ’ ಅನ್ನುವ ಹೆಸರು ಗಟ್ಟಿ ಮಾಡಿದರು. ಪ್ರೊಸೆಕ್ಕೊ ಅನ್ನುವುದು ಇನ್ನು ಜಾಗದ ಹೆಸರು. ಆದರೆ ಅದಕ್ಕೆ ಅಂಥದ್ದೊಂದು ಜಾಗ ಬೇಕಲ್ಲ? ತ್ರಿಯೆಸ್ತೆ ಪಕ್ಕದ ಊರು ನೆನಪಾಯಿತು. ಅದನ್ನು ಒಳಗೆ ಸೇರಿಸಿಕೊಂಡು, ವೆನೆತೊ ಮತ್ತು ಫ್ರಿಯೂಲಿಯ 9 ಜಿಲ್ಲೆಗಳ ಸುತ್ತ ಗಡಿ ಎಳೆದರು. ಹಳೆಯ ಗುಡ್ಡಗಳಿಗೆ ಡಿಒಸಿಜಿ ಕೊಟ್ಟರು. ಮತ್ತೆ ಅದೇ ಬೆಲ್ಲದ ಚೂರು! ಮೋಸ ಅನ್ನಲಾರೆ, ಜಾಣತನವೇ. ಆದರೆ ಮಣ್ಣಿನ ಗುಣ ನೋಡಿ ಎಳೆದ ಗೆರೆಯಂತೂ ಅಲ್ಲ.

ಆಸ್ಟ್ರೇಲಿಯಾದ ಕಿಂಗ್ ವ್ಯಾಲಿಯ ಬೆಳೆಗಾರರು ಇದನ್ನು ಒಪ್ಪಲಿಲ್ಲ. ಅಲ್ಲಿ 1999ರಲ್ಲಿ ಈ ದ್ರಾಕ್ಷಿ ನೆಟ್ಟವರು ವಾಲ್ದೊಬ್ಬಿಯಾದೆನೆಯಿಂದಲೇ ವಲಸೆ ಹೋದವರು. ಅವರು ನೆಡುವಾಗ ಅದರ ಹೆಸರು ಪ್ರೊಸೆಕ್ಕೊ. ಹತ್ತು ವರ್ಷದ ಮೇಲೆ ಅವರ ತವರೂರೇ ಅದನ್ನು ಗ್ಲೇರಾ ಅಂದಿತು. ಅವರು ಬಾಟಲಿ ಮೇಲೆ ಹಳೆಯ ಹೆಸರನ್ನೇ ಉಳಿಸಿಕೊಂಡರು.