ಯಾಂಡಾ ಮೂರ್ತಿಗಳು: ಕಾಡಿನ ಕೂಟದಿಂದ ಹರಾಜಿನ ಮೇಜಿಗೆ

ಮಧ್ಯ ಆಫ್ರಿಕಾದ ಜಾಂಡೆ ಜನರ ಯಾಂಡಾ ಮೂರ್ತಿ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಹೆಚ್ಚಿನವು 10ರಿಂದ 20 ಸೆಂಟಿಮೀಟರ್ ಎತ್ತರದವು. ತೋಳು ಇರುವುದೇ ಇಲ್ಲ, ಇದ್ದರೂ ಮೊಟಕು. ಕಾಲು ಗಿಡ್ಡ, ಹೊಟ್ಟೆ ಉರುಟು. ಮೂಗು, ಕಿವಿಗಳಲ್ಲಿ ಹಿತ್ತಾಳೆಯ ಉಂಗುರ, ಕೊರಳಿಗೋ ಸೊಂಟಕ್ಕೋ ಗಾಜಿನ ಮಣಿಸರ, ಕೆಲವಕ್ಕೆ ನಾಣ್ಯ. ಕೆಲವು ಮರದವು, ಕೆಲವು ಸುಟ್ಟ ಮಣ್ಣಿನವು. ಬ್ರಸೆಲ್ಸ್‌ನ ಸಬ್ಲೋನ್ ಬೀದಿಗಳ ಅಂಗಡಿಗಳಲ್ಲಿ, ಪ್ಯಾರಿಸ್ಸಿನ ಹರಾಜುಗಳಲ್ಲಿ ಇವು ಆಗಾಗ ಕಾಣಸಿಗುತ್ತವೆ. ಪಕ್ಕದ ಚೀಟಿಯಲ್ಲಿ '19ನೇ ಶತಮಾನ' ಎಂದಿದ್ದರೆ ಸಂಗ್ರಾಹಕರು ಅಲ್ಲೇ ಒಮ್ಮೆ ನಿಲ್ಲಬೇಕು. ಯಾಂಡಾ ಮೂರ್ತಿಗಳ ಕಥೆ ಬಹುಪಾಲು 20ನೇ ಶತಮಾನದ್ದು. ಅದು ಗೊತ್ತಿಲ್ಲದೆ ಕೊಂಡವರು ಹಣವನ್ನಷ್ಟೇ ಕಳೆದುಕೊಳ್ಳುವುದಿಲ್ಲ, ಮೂರ್ತಿಯನ್ನೂ ಹಾಳುಮಾಡುತ್ತಾರೆ.

ಜಾಂಡೆ ನಾಡು ಇಂದು ಮೂರು ದೇಶಗಳಲ್ಲಿ ಹರಿದುಹಂಚಿದೆ. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಈಶಾನ್ಯ ಮೂಲೆಯ ಉಯೆಲೆ ನದಿಯ ಸೀಮೆ, ದಕ್ಷಿಣ ಸುಡಾನಿನ ಯಾಂಬಿಯೊ ಸುತ್ತಿನ ಪ್ರದೇಶ, ಮಧ್ಯ ಆಫ್ರಿಕಾ ಗಣರಾಜ್ಯದ ಆಗ್ನೇಯ ಭಾಗ ಈ ಮೂರರಲ್ಲೂ ಅವರಿದ್ದಾರೆ. 18 ಮತ್ತು 19ನೇ ಶತಮಾನಗಳಲ್ಲಿ ಅವೊಂಗಾರ ಎಂಬ ರಾಜಕುಲ ಹಲವು ಬುಡಕಟ್ಟುಗಳನ್ನು ಗೆದ್ದು ಒಂದುಗೂಡಿಸಿತು. ಹೀಗಾಗಿ ಜಾಂಡೆ ಕಲೆಯೆಂದು ಕರೆಯುವುದರಲ್ಲಿ ನೆರೆಹೊರೆಯ ಹಲವು ಕೈಗಳ ಕೆಲಸ ಬೆರೆತಿದೆ.

1870ರ ಹೊತ್ತಿಗೆ ಈ ನಾಡನ್ನು ದಾಟಿದ ಜರ್ಮನ್ ಸಸ್ಯವಿಜ್ಞಾನಿ ಗಿಯೋರ್ಗ್ ಶ್ವೈನ್‌ಫುರ್ಟ್ ಬಹಳಷ್ಟು ವಸ್ತುಗಳನ್ನು ಕೂಡಿಸಿದ. ಅದೇ ವರ್ಷದ ಡಿಸೆಂಬರಿನಲ್ಲಿ ಅವನ ಬಿಡಾರಕ್ಕೆ ಬೆಂಕಿ ಬಿದ್ದು ಸಂಗ್ರಹದ ದೊಡ್ಡ ಪಾಲು ಸುಟ್ಟುಹೋಯಿತು. 1875ರಲ್ಲಿ ಅವನು ಪ್ರಕಟಿಸಿದ ಚಿತ್ರಗಳಲ್ಲಿ ಈ ಸೀಮೆಯ ಆಯುಧಗಳು, ಮನೆಬಳಕೆಯ ಸಾಮಾನು, ವಾದ್ಯಗಳು ತುಂಬಿವೆ. ಆ ಕಾಲದ ಯುರೋಪಿನ ಕಣ್ಣಿಗೆ ಜಾಂಡೆ ಎಂದರೆ ಹಲವು ಅಲಗಿನ ಎಸೆಗತ್ತಿ ಮತ್ತು ಐದು ತಂತಿಯ ಹಾರ್ಪ್.

ಯಾಂಡಾ ಮೂರ್ತಿಗಳು ಬೆಳೆದದ್ದು ಮಾನಿ ಎಂಬ ಗುಪ್ತಕೂಟದ ಒಳಗೆ. 20ನೇ ಶತಮಾನದ ಆರಂಭದಲ್ಲಿ, ವಸಾಹತು ಆಡಳಿತ ಬಿಗಿಯಾಗುತ್ತಿದ್ದ ಕಾಲದಲ್ಲೇ, ಅದು ಜಾಂಡೆ ನಾಡಿನಲ್ಲಿ ಹರಡಿತು. ಕಾಡಿನ ಅಂಚಿನಲ್ಲಿ, ಹೊಳೆಯ ಬಳಿ ಸದಸ್ಯರು ಸೇರುತ್ತಿದ್ದರು. ದೀಕ್ಷೆ ನೀರಿನಲ್ಲಿ ನಡೆಯುತ್ತಿತ್ತು. ಗಂಡಸರ ಜೊತೆ ಹೆಂಗಸರಿಗೂ ಪ್ರವೇಶವಿತ್ತು. ಬೇಟೆ ಕೈಗೂಡಲಿ, ಕಾಯಿಲೆ ದೂರವಿರಲಿ, ಮಾಟ ತಟ್ಟದಿರಲಿ, ಅರಸರ ಮುಂದೆ ನಿಂತಾಗ ತೀರ್ಪು ಕಟುವಾಗದಿರಲಿ ಎಂಬುದು ಅವರ ಬೇಡಿಕೆ. ಅರಸುಮಕ್ಕಳಿಗೆ ಇದು ಹಿಡಿಸಲಿಲ್ಲ, ಬಿಳಿಯ ಅಧಿಕಾರಿಗಳಿಗೂ ಹಿಡಿಸಲಿಲ್ಲ. ಸುಡಾನಿನ ಆಡಳಿತ 1919ರಲ್ಲಿ ಕಾನೂನುಬಾಹಿರ ಸಂಘಗಳ ಶಾಸನ ತಂದು ಇಂಥ ಕೂಟಗಳನ್ನು ನಿಷೇಧಿಸಿತು. ಬೆಲ್ಜಿಯನ್ ಕಾಂಗೋದಲ್ಲೂ ನಿಷೇಧ ಬಂತು. 1926ರಿಂದ 1930ರ ನಡುವೆ ಸುಡಾನಿನ ಜಾಂಡೆ ನಾಡಿನಲ್ಲಿ ಕ್ಷೇತ್ರಕಾರ್ಯ ಮಾಡಿದ ಬ್ರಿಟಿಷ್ ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ ಅವರು ಮಾನಿ ಕೂಟದ ಬಗ್ಗೆ 1931ರಲ್ಲಿ ವಿವರವಾಗಿ ಬರೆದರು. ಮೈಸೂರಿನ ಎಂ.ಎನ್. ಶ್ರೀನಿವಾಸ್ ಆಕ್ಸ್‌ಫರ್ಡ್‌ನಲ್ಲಿ ಕೊಡವರ ಕುರಿತ ಪ್ರಬಂಧವನ್ನು ಮುಗಿಸಿದ್ದು ಇದೇ ಇವಾನ್ಸ್-ಪ್ರಿಚರ್ಡ್ ಅವರ ಮಾರ್ಗದರ್ಶನದಲ್ಲಿ.

ಮೂರ್ತಿಗಳ ಬಳಕೆಯ ಬಗ್ಗೆ ನಮಗೆ ಗೊತ್ತಿರುವುದರ ದೊಡ್ಡ ಪಾಲು ಹರ್ಮನ್ ಬುರ್ಸೆನ್ಸ್ ಅವರ ಅಧ್ಯಯನದಿಂದ ಬಂದದ್ದು. ಬೆಲ್ಜಿಯಂನ ಟೆರ್ವ್ಯೂರೆನ್ ಊರಿನಲ್ಲಿರುವ ಮಧ್ಯ ಆಫ್ರಿಕಾ ಮ್ಯೂಸಿಯಂ ಅದನ್ನು 1962ರಲ್ಲಿ ಪ್ರಕಟಿಸಿತು. ಕೆತ್ತಿ ಮುಗಿಸಿದ ಮರದ ತುಂಡಿಗೆ ತಾನಾಗಿ ಶಕ್ತಿಯಿರಲಿಲ್ಲ. ಒಡೆಯ ಅದರ ಮೇಲೆ ಹೊಗೆ ಊದಬೇಕು, ಲಿಬೆಲೆ ಎಂಬ ಮದ್ದಿನ ಲೇಪವನ್ನು ತಿಕ್ಕಬೇಕು. ಕೇಳಿದ್ದು ನಡೆದರೆ ಸಂಭಾವನೆಯಾಗಿ ಒಂದು ಉಂಗುರ, ಒಂದು ಎಳೆ ಮಣಿ, ಇಲ್ಲವೇ ಒಂದು ನಾಣ್ಯ ಸಲ್ಲಬೇಕು. ಆದ್ದರಿಂದ ಮೂರ್ತಿಯ ಮೇಲಿನ ಕೊಳೆಯಂಥ ಪದರ ಮತ್ತು ಮೈತುಂಬ ನೇತಾಡುವ ಲೋಹವೇ ಅದರ ಜೀವನಚರಿತ್ರೆ. ಎಷ್ಟು ಬಾರಿ ಬೇಡಿದರು, ಎಷ್ಟು ಬಾರಿ ಫಲಿಸಿತು ಎಂಬುದೆಲ್ಲ ಅಲ್ಲಿ ಕೂಡಿಟ್ಟಿದೆ.

ಮಾರುಕಟ್ಟೆ ಹಾಳುಮಾಡಿದ್ದು ಸರಿಯಾಗಿ ಇದನ್ನೇ. ಯುರೋಪಿನ ಕೊಳ್ಳುಗರಿಗೆ ನುಣುಪಾದ, ಕಪ್ಪಗೆ ಹೊಳೆಯುವ ಮರ ಬೇಕಿತ್ತು. ಲೇಪ ಕೆರೆದು, ಮಣಿ ಬಿಚ್ಚಿ, ಮೇಣ ತಿಕ್ಕಿ ಮಾರಿದ ಮೂರ್ತಿಗಳು ಈಗಲೂ ಕೈ ಬದಲಾಯಿಸುತ್ತಿವೆ. ನೋಡಲು ಅಂದವಾಗಿದ್ದರೂ ಅವು ಯಾವ ಕೂಟದಲ್ಲಿ ಏನು ಕೆಲಸ ಮಾಡಿದವೆಂದು ಇನ್ನು ಯಾರೂ ಹೇಳಲಾರರು. ಇದು ನಮ್ಮ ದೃಷ್ಟಿಯಲ್ಲಿ ತುಂಬಲಾಗದ ನಷ್ಟ.

ಇನ್ನೊಂದು ಗೊಂದಲ ಎತ್ತರದ್ದು. 30ರಿಂದ 50 ಸೆಂಟಿಮೀಟರ್ ಇದ್ದರೆ 'ಕುಡು', ಪೂರ್ವಜರ ಮೂರ್ತಿ. ಅದಕ್ಕಿಂತ ಚಿಕ್ಕದಾದರೆ 'ಯಾಂಡಾ' ಎಂಬ ಎರಡು ಸಾಲು ಒಂದು ಚೀಟಿಯಿಂದ ಇನ್ನೊಂದಕ್ಕೆ ನಕಲಾಗುತ್ತಲೇ ಇದೆ. ಅಳತೆಪಟ್ಟಿ ಹಿಡಿದು ಮೂರ್ತಿಯ ಉದ್ದೇಶವನ್ನು ನಿರ್ಧರಿಸಲು ಆಗುವುದಿಲ್ಲ. ಸಂಗ್ರಹಿಸಿದಾಗಲೇ ಬರೆದಿಟ್ಟ ಟಿಪ್ಪಣಿ ಇದ್ದರೆ ಮಾತ್ರ ಅಂಥ ಹೆಸರಿಗೆ ಬೆಲೆ. ಹರ್ಬರ್ಟ್ ಲ್ಯಾಂಗ್ ಮತ್ತು ಜೇಮ್ಸ್ ಚಾಪಿನ್ 1909ರಿಂದ 1915ರವರೆಗೆ ಈಶಾನ್ಯ ಕಾಂಗೋದಲ್ಲಿ ಸುತ್ತಿ ನ್ಯೂಯಾರ್ಕಿನ ನೈಸರ್ಗಿಕ ಇತಿಹಾಸ ಮ್ಯೂಸಿಯಂಗೆ ಸುಮಾರು 3,800 ವಸ್ತುಗಳನ್ನು ತಂದರು, ಜೊತೆಗೆ ಸಾವಿರಾರು ಫೋಟೊಗಳನ್ನು. ಟೆರ್ವ್ಯೂರೆನ್‌ಗಾಗಿ 1911ರಲ್ಲಿ ಹೊರಟ ಅರ್ಮಾಂ ಹ್ಯೂಟೆರೋ ತಂಡವೂ ಹೀಗೆಯೇ ದೊಡ್ಡ ಸಂಗ್ರಹ ಕಟ್ಟಿತು. ಹೋಲಿಸಿ ನೋಡಲು ಇಂಥ ಸಂಗ್ರಹಗಳೇ ಆಧಾರ. ಆದರೆ ಒಂದು ಎಚ್ಚರಿಕೆ: ಬಿಳಿಯರಿಗೆ ಮನುಷ್ಯಾಕೃತಿಯ ಕೆತ್ತನೆ ಇಷ್ಟವೆಂದು ಗೊತ್ತಾದ ಮೇಲೆ ಆ ಸೀಮೆಯಲ್ಲಿ ಅಂಥ ಕೆತ್ತನೆಗಳು ಹೆಚ್ಚಾದವು. ಹಳೆಯದಾದ ಮಾತ್ರಕ್ಕೆ ಬಳಕೆಯಲ್ಲಿದ್ದದ್ದು ಎನ್ನುವಂತಿಲ್ಲ.

ಮೂರ್ತಿಯನ್ನು ಪರೀಕ್ಷಿಸಲು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಓರೆಯಾಗಿ ಬೆಳಕು ಬಿಡುವ ಟಾರ್ಚ್, ಒಂದು ನೇರಳಾತೀತ ಟಾರ್ಚ್ ಸಾಕು. ಮೊದಲು ಉಂಗುರದ ತೂತು ನೋಡಿ. ವರ್ಷಗಟ್ಟಲೆ ನೇತಾಡಿದ ಉಂಗುರ ತೂತಿನ ಕೆಳ ಅಂಚನ್ನು ಸವೆಸಿರುತ್ತದೆ. ಲೇಪದ ಜಿಡ್ಡು ಹಿತ್ತಾಳೆಗೆ ತಗುಲಿ ಹಸಿರು ಮೇಣದಂಥ ಕಿಲುಬು ಕಟ್ಟಿ, ಕೆಳಗಿನ ಮರಕ್ಕೂ ಆ ಬಣ್ಣ ಇಳಿದಿರುತ್ತದೆ. ತೂತಿನ ಅಂಚು ಚೂಪಾಗಿ, ಸುತ್ತ ಒಂದೇ ಬಣ್ಣವಿದ್ದರೆ ಉಂಗುರ ಈಚೆಗೆ ಸೇರಿದ್ದು. ಕೈ ತಾಗುವ ಬೆನ್ನು, ಹಣೆಗಳಲ್ಲಿ ನುಣುಪು, ಕಂಕುಳು, ಕತ್ತಿನ ಸಂದುಗಳಲ್ಲಿ ದಪ್ಪ ಪದರ ಇರುವುದು ಸಹಜ. ಶೂ ಪಾಲಿಶ್, ಚಹಾ, ಪರ್ಮಾಂಗನೇಟ್ ಹಚ್ಚಿದ ನಕಲಿಯಲ್ಲಿ ಬಣ್ಣ ಎಲ್ಲೆಡೆ ಸಮನಾಗಿರುತ್ತದೆ, ಸೀಳಿದ ಬಿರುಕಿನ ಒಳಗೂ ಹೋಗಿರುತ್ತದೆ. ನೇರಳಾತೀತ ಬೆಳಕಿನಲ್ಲಿ ಹೊಸ ಅಂಟು ಮತ್ತು ಕೃತಕ ದಾರ ಹೆಚ್ಚಾಗಿ ಹೊಳೆದು ಸಿಕ್ಕಿಬೀಳುತ್ತವೆ. ಮಣಿಯ ದಾರ ಹೊಸದಾದರೆ ಮೂರ್ತಿ ಸುಳ್ಳೆಂದಲ್ಲ, ಹಳೆ ದಾರ ಹರಿದಾಗ ಯಾರೋ ಮತ್ತೆ ಪೋಣಿಸಿರಬಹುದು. ಮಾರುವವರು ಅದನ್ನು ಹೇಳಿದ್ದಾರೆಯೇ ಎಂಬುದು ಮುಖ್ಯ.

ನಾಣ್ಯ ಸಿಕ್ಕರೆ ಒಳ್ಳೆಯ ಸುಳಿವು. ಕಾಂಗೋಗಾಗಿ 1887ರಿಂದ ಟಂಕಿಸಿದ ಚಿಲ್ಲರೆ ನಾಣ್ಯಗಳ ನಡುವೆ ತೂತು ಇರುತ್ತಿತ್ತು, ಕಟ್ಟಲು ಸುಲಭ. ನಾಣ್ಯದ ಇಸವಿಗಿಂತ ಮುಂಚೆ ಅದನ್ನು ಕಟ್ಟಿರಲಾರರು. ಆದರೆ ಮೂರ್ತಿ ಅದಕ್ಕೂ ಹಳೆಯದಿರಬಹುದು, ನಾಣ್ಯವನ್ನು ನಿನ್ನೆ ಕಟ್ಟಿರಲೂಬಹುದು.

ಮರದ ವಯಸ್ಸು ಅಳೆಯುವ ಕಾರ್ಬನ್ ಪರೀಕ್ಷೆಯ ಪ್ರಮಾಣಪತ್ರ ತೋರಿಸಿದರೆ ಬೆರಗಾಗಬೇಕಿಲ್ಲ. ಸುಮಾರು 1650ರಿಂದ 1950ರವರೆಗಿನ ಮರಕ್ಕೆ ಆ ಲೆಕ್ಕ ಹಲವು ಉತ್ತರ ಕೊಡುತ್ತದೆ, 1850ನ್ನು 1920ರಿಂದ ಬೇರ್ಪಡಿಸಲು ಆಗುವುದಿಲ್ಲ. ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯ ಕಾರ್ಬನ್ ಬದಲಾದ ಕಾರಣ, 1950ರ ದಶಕದ ನಡುವಿನಿಂದೀಚೆಗೆ ಬೆಳೆದ ಮರವನ್ನು ಮಾತ್ರ ಅದು ಖಚಿತವಾಗಿ ಹಿಡಿಯುತ್ತದೆ. ಹಳೆಯ ಒನಕೆಯನ್ನೋ ತೊಲೆಯನ್ನೋ ಕೆತ್ತಿದ ನಕಲಿ ಅದರಿಂದಲೂ ತಪ್ಪಿಸಿಕೊಳ್ಳುತ್ತದೆ.

ಮನೆಗೆ ಬಂದ ಮೂರ್ತಿಗೆ ಎಣ್ಣೆ, ನೀರು, ಪಾಲಿಶ್ ಯಾವುದೂ ಬೇಡ. ಒಣ ಮೃದು ಬ್ರಷ್ ಸಾಕು, ಅದೂ ಲೇಪ ಉದುರದ ಕಡೆ ಮಾತ್ರ. ಹಳೆಯ ಮ್ಯೂಸಿಯಂ ಸಂಗ್ರಹಗಳಲ್ಲಿ ಹುಳುವಿಗೆ ಹೆದರಿ ಆರ್ಸೆನಿಕ್ ಸಿಂಪಡಿಸುತ್ತಿದ್ದರು, ಹಾಗಾಗಿ ಕೈಗವಸು ಹಾಕಿಕೊಂಡೇ ಮುಟ್ಟಿ. ಬುಡದಲ್ಲಿ ತಿಳಿ ಬಣ್ಣದ ಹುಡಿ ದಿನವೂ ಬೀಳುತ್ತಿದ್ದರೆ ಕುಟ್ಟೆ ಹುಳು ಜೀವಂತ ಇದೆ. ಬರಿಯ ಮರದ ಮೂರ್ತಿಯಾದರೆ ಗಾಳಿ ತೆಗೆದ ಪಾಲಿಥೀನ್ ಚೀಲದಲ್ಲಿ ಮುಚ್ಚಿ ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಇಡಬಹುದು. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ಗಾಳಿಯ ತೇವ ಮರದ ಮೇಲೆಯೇ ಹನಿಗಟ್ಟುತ್ತದೆ. ದಪ್ಪ ಲೇಪವೋ ಗಾಜಿನ ಮಣಿಯೋ ಇದ್ದರೆ ಫ್ರೀಜರ್ ಬೇಡ. ಆಮ್ಲಜನಕ ತೆಗೆದ ಚೀಲದಲ್ಲಿ ವಾರಗಟ್ಟಲೆ ಇಟ್ಟು ಹುಳುವನ್ನು ಕೊಲ್ಲುವ ವಿಧಾನವಿದೆ, ಅದನ್ನು ಸಂರಕ್ಷಣಾ ತಜ್ಞರೇ ಮಾಡಬೇಕು. ತೇವಾಂಶ ಶೇ 45ರಿಂದ 55ರ ಆಸುಪಾಸಿನಲ್ಲಿರಲಿ. ಹೆಚ್ಚಾದರೆ ಹಳೆಯ ಗಾಜಿನ ಮಣಿ ಬೆವತು, ಅಂಟಂಟಾಗಿ, ಸಣ್ಣಗೆ ಬಿರಿಯುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಮುಚ್ಚಿದ ಪೆಟ್ಟಿಗೆ ಮತ್ತು ಸಿಲಿಕಾ ಜೆಲ್ ಇಲ್ಲದೆ ಇದು ಸಾಧ್ಯವಿಲ್ಲ. ಜೆಲ್ಲನ್ನು ಪೂರ್ತಿ ಒಣಗಿಸಿ ಹಾಕಿದರೆ ಮರವೇ ಸೀಳುತ್ತದೆ, ಅದನ್ನು ಮೊದಲು ಶೇ 50ರ ತೇವಕ್ಕೆ ಹೊಂದಿಸಿಕೊಳ್ಳಬೇಕು.

ಕಾನೂನಿನ ಕಡೆ ಗಟ್ಟಿ ಗೆರೆ ಸಾಂಸ್ಕೃತಿಕ ವಸ್ತುಗಳ ಅಕ್ರಮ ಸಾಗಣೆಯನ್ನು ತಡೆಯುವ ಯುನೆಸ್ಕೋದ 1970ರ ಒಪ್ಪಂದ. ಭಾರತ 1977ರಲ್ಲಿ, ಬೆಲ್ಜಿಯಂ 2009ರಲ್ಲಿ, ಕಾಂಗೋ 2010ರಲ್ಲಿ ಅದಕ್ಕೆ ಸೇರಿದವು. 1970ಕ್ಕಿಂತ ಮೊದಲೇ ಆಫ್ರಿಕಾದಿಂದ ಹೊರಬಂದದ್ದಕ್ಕೆ ಬಿಲ್, ಫೋಟೊ, ಹಳೆಯ ಪಟ್ಟಿ ಯಾವುದಾದರೂ ಇರಬೇಕು. 'ಈಗಷ್ಟೇ ಹಳ್ಳಿಯಿಂದ ಬಂತು' ಎಂಬ ಮಾತು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. 2008ರ ಕೊನೆಯಿಂದ ಉಗಾಂಡಾ ಮೂಲದ ಎಲ್‌ಆರ್‌ಎ (ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ) ಬಂಡುಕೋರರ ದಾಳಿಗೆ ಸಿಕ್ಕ ಹಳ್ಳಿಗಳಲ್ಲಿ ಈಶಾನ್ಯ ಕಾಂಗೋದ ದೊರುಮಾ ಸುತ್ತಿನ ಜಾಂಡೆ ಊರುಗಳೂ ಸೇರಿವೆ. ಜನ ಜೀವ ಉಳಿಸಿಕೊಳ್ಳಲು ಓಡಿದ ಕಡೆಯಿಂದ ಬಂದ ಸಾಮಾನಿಗೆ ಒಳ್ಳೆಯ ಮೂಲವಿರಲಾರದು.

ಮೂರ್ತಿಯ ಬುಡದಲ್ಲಿ ಬಣ್ಣದಲ್ಲಿ ಬರೆದ ಸಂಖ್ಯೆಯೋ, ಸಂಖ್ಯೆಯನ್ನು ಕೆರೆದ ಗುರುತೋ ಇದೆಯೇ ಎಂದೂ ನೋಡಬೇಕು. 1976ರಿಂದ 1982ರ ನಡುವೆ ಟೆರ್ವ್ಯೂರೆನ್ 114 ವಸ್ತುಗಳನ್ನು ಕಾಂಗೋ ರಾಜಧಾನಿ ಕಿನ್ಶಾಸಾಗೆ ಮರಳಿಸಿತ್ತು. 1990ರ ದಶಕದ ಗಲಭೆಯಲ್ಲಿ ಅಲ್ಲಿನ ಮ್ಯೂಸಿಯಂ ಲೂಟಿಯಾಗಿ, ವಸ್ತುಗಳು ಕಲಾ ಮಾರುಕಟ್ಟೆಯ ಪಾಲಾದವು. 2022ರ ಫೆಬ್ರವರಿಯಲ್ಲಿ ಬೆಲ್ಜಿಯಂ ಸುಮಾರು 84,000 ವಸ್ತುಗಳ ಪಟ್ಟಿಯನ್ನು ಕಾಂಗೋ ಸರ್ಕಾರಕ್ಕೆ ಒಪ್ಪಿಸಿತು, ಅದೇ ವರ್ಷದ ಜುಲೈನಲ್ಲಿ ಮರಳಿಸುವುದಕ್ಕೆ ದಾರಿಮಾಡುವ ಕಾನೂನೂ ಬಂತು. ಆದ್ದರಿಂದ ಸಂಖ್ಯೆ ಕಂಡರೆ ಅಳಿಸದೆ ಫೋಟೊ ತೆಗೆದು, ಹಣ ಕೊಡುವ ಮೊದಲೇ ಟೆರ್ವ್ಯೂರೆನ್ ಮತ್ತು ಕಿನ್ಶಾಸಾ ಮ್ಯೂಸಿಯಂಗಳೆರಡಕ್ಕೂ ಕಳುಹಿಸಿ ವಿಚಾರಿಸಿ.