ವೆಸ್ಟರ್ನ್ ಪ್ರೇರಿ ಫ್ರಿಂಜ್ಡ್ ಆರ್ಕಿಡ್: ಗುರುತಿಸುವುದು, ಉಳಿಸುವುದು

ಉತ್ತರ ಅಮೆರಿಕದ ಎತ್ತರ ಹುಲ್ಲಿನ ಪ್ರೇರಿಯ (ಬಯಲು ಹುಲ್ಲುಗಾವಲಿನ) ತೇವದ ತಗ್ಗುಗಳಲ್ಲಿ ಬೆಳೆಯುವ ಆರ್ಕಿಡ್ ಇದು; ವೈಜ್ಞಾನಿಕ ಹೆಸರು ಪ್ಲಾಟಾಂತೆರಾ ಪ್ರಿಕ್ಲಾರಾ. ನಾರ್ತ್ ಡಕೋಟ, ಮಿನ್ನೆಸೋಟ, ಕೆನಡಾದ ಮ್ಯಾನಿಟೋಬಾಗಳಲ್ಲಿ ದೊಡ್ಡ ನೆಲೆಗಳಿವೆ. ಅಮೆರಿಕದಲ್ಲಿ 1989ರಿಂದ ಕಾನೂನಿನ ರಕ್ಷಣೆಯಿದೆ. ಜೂನ್ ನಡುವಿನಿಂದ ಜುಲೈವರೆಗೆ ಕೆನೆಬಿಳಿ ಹೂ. ತುಟಿ, ಅಂದರೆ ಹೂವಿನ ಕೆಳದಳ, ಮೂರು ಸೀಳು, ಅಂಚೆಲ್ಲ ಕುಚ್ಚು. ಇಷ್ಟಕ್ಕೆ ತಕರಾರಿಲ್ಲ.

ತಲೆ ಕೆಡಿಸುವುದು ಇದರ ದಾಯಾದಿ, ಈಸ್ಟರ್ನ್ ಪ್ರೇರಿ ಫ್ರಿಂಜ್ಡ್ ಆರ್ಕಿಡ್. 1986ರವರೆಗೆ ಎರಡನ್ನೂ ಒಂದೇ ಜಾತಿ ಎನ್ನುತ್ತಿದ್ದರು. ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕಿದ್ದರೆ ಬಹುಪಾಲು ವೆಸ್ಟರ್ನ್, ಆದರೆ ಅದನ್ನೇ ನಂಬಬೇಡಿ. ಹೂವಿನ ಹಿಂದೆ ಇಳಿಬಿದ್ದ ಮಕರಂದದ ಕೊಳವೆ ವೆಸ್ಟರ್ನ್‌ನಲ್ಲಿ ಉದ್ದ: ಸುಮಾರು 36–55 ಮಿ.ಮೀ. ಕೊಳವೆ ಬಾಗಿರುವುದರಿಂದ ಸ್ಕೇಲ್ ಹಿಡಿದರೆ ಅಳತೆ ಕಮ್ಮಿ ಬರುತ್ತದೆ. ಬಾಯಿಂದ ತುದಿವರೆಗೆ ದಾರ ಹಿಡಿದು, ದಾರವನ್ನು ಅಳೆಯಿರಿ. ಹೂ ಕೀಳಬೇಡಿ. 40 ಮಿ.ಮೀ. ಬಂದರೆ? ಎರಡೂ ಆಗಬಹುದು, ಅಳತೆಯಿಂದ ತೀರ್ಮಾನವಾಗದು.

ಆಗ ಹೂವಿನ ಬಾಯನ್ನು ಲೆನ್ಸ್‌ನಲ್ಲಿ ನೋಡಿ. ಪರಾಗದ ಉಂಡೆಗಳ ಅಂಟುಬಿಲ್ಲೆ ಎರಡಿರುತ್ತವೆ. ಅವು ದೂರ ದೂರವಿದ್ದರೆ ವೆಸ್ಟರ್ನ್, ಒತ್ತಾಗಿದ್ದರೆ ಈಸ್ಟರ್ನ್. ಕಾರಣ ತಿಳಿದರೆ ಮರೆಯುವುದಿಲ್ಲ: ರಾತ್ರಿ ಬರುವ ಹಾಕ್‌ಮಾತ್ ಪತಂಗ ಕೊಳವೆಗೆ ಸೊಂಡಿಲು ತೂರಿಸಿದಾಗ ವೆಸ್ಟರ್ನ್‌ನ ಉಂಡೆ ಅದರ ಕಣ್ಣಿಗೆ ಅಂಟುತ್ತದೆ, ಈಸ್ಟರ್ನ್‌ನದು ಸೊಂಡಿಲಿಗೇ. ಕಣ್ಣುಗಳ ನಡುವೆ ಅಂತರವಿದೆಯಲ್ಲ, ಬಿಲ್ಲೆಗಳ ನಡುವೆಯೂ ಅಷ್ಟೇ ಬೇಕು! ಪಕ್ಕದ ದಳಗಳು ಬೀಸಣಿಗೆಯಂತೆ ಅಗಲವಿದ್ದರೂ ವೆಸ್ಟರ್ನ್ ಕಡೆಗೇ ವಾಲಿ.

ಎಣಿಕೆ: ಹೂಬಿಟ್ಟವನ್ನಷ್ಟೇ ಲೆಕ್ಕಹಾಕಿ ‘ಕಮ್ಮಿಯಾಯಿತು’ ಎನ್ನಬಾರದು. ಬರಗಾಲದ ವರ್ಷ ಗಿಡ ಎಲೆಯಲ್ಲೇ ನಿಲ್ಲುತ್ತದೆ, ಇಲ್ಲವೇ ಮಣ್ಣೊಳಗೇ ಉಳಿಯುತ್ತದೆ. ಗುರುತುಗೂಟ ಹಾಕಿ ಹಲವು ವರ್ಷ ಅದೇ ಜಾಗ ನೋಡಬೇಕು.

ನಿರ್ವಹಣೆ: ಹುಲ್ಲಿಗೆ ಬೆಂಕಿ ಕೊಡುವುದಾದರೆ ವಸಂತದ ಆರಂಭದಲ್ಲಿ, ಮೊಳಕೆ ಏಳುವ ಮೊದಲು. ಜುಲೈನಲ್ಲಿ ಹುಲ್ಲು ಕೊಯ್ದರೆ ಆ ವರ್ಷದ ಬೀಜ ಹೋಯಿತೆಂದೇ ಲೆಕ್ಕ. ಕಾಯಿ ಒಡೆಯುವ ಸೆಪ್ಟೆಂಬರ್‌ವರೆಗೆ ಕಾಯಿರಿ. ಲೀಫಿ ಸ್ಪರ್ಜ್ ಎಂಬ ಕಳೆಗೆ ಔಷಧಿ ಹೊಡೆಯುವುದೂ ಆರ್ಕಿಡ್ ಒಣಗಿದ ಮೇಲೇ. ಪಕ್ಕದ ಹೊಲದ ಕೀಟನಾಶಕ ಪತಂಗವನ್ನು ಕೊಂದರೆ ಹೂವಿದ್ದೂ ಕಾಯಿ ಕಟ್ಟದು.

ಪತಂಗ ಬಾರದ ಒಂಟಿ ನೆಲೆಗಳಲ್ಲಿ, ಅನುಮತಿ ಪಡೆದು, ಕೈಯಿಂದ ಪರಾಗಸ್ಪರ್ಶ ಮಾಡಬಹುದು. ಟೂತ್‌ಪಿಕ್ ತುದಿಯನ್ನು ಅಂಟುಬಿಲ್ಲೆಗೆ ಮುಟ್ಟಿಸಿದರೆ ಉಂಡೆ ಎದ್ದುಬರುತ್ತದೆ. ಅದನ್ನು ಬೇರೆ ಗಿಡದ ಹೂವಿನ ಶಲಾಕಾಗ್ರಕ್ಕೆ (ಪರಾಗ ಹಿಡಿಯುವ ಅಂಟುಭಾಗಕ್ಕೆ) ಒತ್ತಿ. ಉಂಡೆ ಪುಡಿಪುಡಿಯಾಗಿ ಬಿಡಿಸಿಕೊಳ್ಳುವುದರಿಂದ ಒಂದರಲ್ಲೇ ಹಲವು ಹೂವಿಗೆ ಸಾಲುತ್ತದೆ. ಬೀಜ ತಂದು ಕುಂಡದಲ್ಲಿ ಬಿತ್ತಿದರೆ ಮೊಳೆಯುವ ಆಸೆ ಬಿಡಿ, ಅದಕ್ಕೆ ಮಣ್ಣಿನ ಶಿಲೀಂಧ್ರದ ಜೊತೆ ಬೇಕೇ ಬೇಕು.